ಧೂಪದ ಬಟ್ಟಲ ಮೇಲೊಂದು ಬಸವಣ್ಣ

ದೀಪಾವಳಿ ಮುಗಿದು ಎಂಟು ದಿನಕ್ಕೆ ಅವ್ವನ ಕೈಯಿಂದ ಧೂಪದ ಬಟ್ಟಲು ಜಾರಿ ಬಿತ್ತು. ಮಣ್ಣಿನದು. ಅಜ್ಜಿಯ ಕಾಲದ್ದು ಅಂತ ಹೇಳಿದರೆ ಕಥೆಗೆ ಚೆನ್ನಾಗಿರುತ್ತಿತ್ತು, ಆದರೆ ಆರೇಳು ವರ್ಷದ ಹಿಂದೆ ಜಾತ್ರೆಯಲ್ಲಿ ಇಪ್ಪತ್ತು ರೂಪಾಯಿಗೆ ತಂದದ್ದು ಅಷ್ಟೇ. ಮನೆಯಲ್ಲಿ ಹಿತ್ತಾಳೆಯದೂ ಒಂದಿದೆ. ಅವ್ವ ಅದನ್ನು ಮುಟ್ಟುವುದಿಲ್ಲ. ನಾಲ್ಕೈದು ನಿಮಿಷಕ್ಕೆ ಅದರ ಹಿಡಿಕೆ ಸುಡಲು ಶುರುವಾಗುತ್ತದೆ, ಅರಿವೆ ಸುತ್ತಿ ಹಿಡಿಯಬೇಕು.

ಧಾರವಾಡದ ನಮ್ಮ ಮನೆಯಲ್ಲಿ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಲೋಬಾನದ ಹೊಗೆ ಹಾಕುತ್ತಾರೆ. ದೇವರ ಮನೆಯಿಂದ ಶುರು. ಆಮೇಲೆ ಪಡಸಾಲೆ, ಅಡುಗೆಮನೆ, ಹೊಸ್ತಿಲು, ತುಳಸಿ ಕಟ್ಟೆ. ಕೊನೆಗೆ ಹಿತ್ತಲಲ್ಲಿ ಹಿಂದೆ ದನ ಕಟ್ಟುತ್ತಿದ್ದ ಜಾಗ. ಈಗ ಅಲ್ಲಿ ನನ್ನ ಸ್ಕೂಟರ್ ನಿಲ್ಲುತ್ತದೆ. ಸ್ಕೂಟರಿಗೂ ಹೊಗೆ ಸಿಗುತ್ತದೆ. ಈ ಸುತ್ತಿಗೆ ಆರು ನಿಮಿಷ ಬೇಕು, ಗಡಿಯಾರ ಹಿಡಿದೇ ನೋಡಿದ್ದೇನೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಮೂರು ವರ್ಷದಿಂದ ಭಾನುವಾರ ಮಾತ್ರ ಮಣ್ಣಿನ ಹುಚ್ಚು. ಹೊಸ ಬಟ್ಟಲು ನಾನೇ ಮಾಡುತ್ತೇನೆ ಅಂದೆ. ಸುಮ್ನೆ ಬಟ್ಟಲಷ್ಟೇ ಯಾಕೆ, ಅದರಲ್ಲೊಂದು ಎತ್ತನ್ನೂ ಮಾಡೋಣ ಅನ್ನಿಸಿತು. ಆ ಆಸೆಗೆ ಸುಮಾರು ನಾಲ್ಕು ತಿಂಗಳು ಹೋಯಿತು.

ಮೊದಲು ಒಡೆದ ಚೂರುಗಳನ್ನೆಲ್ಲ ಒಟ್ಟು ಮಾಡಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. 560 ಗ್ರಾಂ. ಗೋಡೆಯ ದಪ್ಪ 7ರಿಂದ 9 ಮಿಲಿಮೀಟರ್. ಅಂಚಿನ ಚೂರನ್ನು ಕಾಗದದ ಮೇಲಿಟ್ಟು ಗೆರೆ ಎಳೆದು ವೃತ್ತ ಪೂರ್ತಿ ಮಾಡಿದಾಗ ಬಾಯಿ 13 ಸೆಂಟಿಮೀಟರ್ ಬಂತು. ಅವ್ವನಿಗೆ ಅರವತ್ತೆಂಟು ವರ್ಷ, ಮಣಿಕಟ್ಟಿನ ನೋವು ಬೇರೆ. ಹಾಗಾಗಿ ಕೆಂಡ ಬಿಟ್ಟು 600 ಗ್ರಾಂ ದಾಟಬಾರದು ಅಂತ ಗೋಡೆ ಮೇಲೆ ಬರೆದಿಟ್ಟುಕೊಂಡೆ. ಇಷ್ಟು ದಿನದಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ.

ಮಣ್ಣಿನ ವಿಷಯ

ಎತ್ತು ಅಂದ ಕೂಡಲೇ ನನಗೆ ನೆನಪಾಗುವುದು ಮಣ್ಣೆತ್ತಿನ ಅಮಾವಾಸ್ಯೆ. ಕಾರ ಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಬರುವ ಜ್ಯೇಷ್ಠದ ಅಮಾವಾಸ್ಯೆ. ಹೊಲದ ಎರೆ ಮಣ್ಣು ತಂದು ಜೋಡಿ ಎತ್ತು ಮಾಡಿ, ಜೋಳದ ಕಾಳಿನ ಕಣ್ಣಿಟ್ಟು ಪೂಜೆ ಮಾಡುತ್ತೇವೆ. ಆ ಎತ್ತುಗಳು ಎರಡೇ ದಿನಕ್ಕೆ ಬಿರುಕು ಬಿಡುತ್ತವೆ. ಬಿಡಲಿ, ಹೇಗಿದ್ದರೂ ಮಣ್ಣಿಗೇ ಹೋಗುವಂಥವು. ನನಗೆ ಬೇಕಾದದ್ದು ದಿನಾ ಕೆಂಡ ಹೊರುವಂಥದ್ದು.

ಆದರೂ ಹಟಕ್ಕೆ ಎರೆ ಮಣ್ಣಿನಲ್ಲೇ ಒಂದು ಪಟ್ಟಿ ಮಾಡಿ, ಅದರ ಮೇಲೆ ಸರಿಯಾಗಿ 10 ಸೆಂಟಿಮೀಟರ್ ಗೆರೆ ಕೊರೆದು ನೆರಳಲ್ಲಿ ಒಣಗಿಸಿದೆ. ಗೆರೆ 8.7ಕ್ಕೆ ಇಳಿಯಿತು, ಪಟ್ಟಿ ಮೂರು ತುಂಡಾಯಿತು. ಇದನ್ನು ನಾನು ಹೋಗುವ ಹಳ್ಳಿಯ ಕುಂಬಾರ ಅಜ್ಜನಿಗೆ ತೋರಿಸಿದರೆ ನಕ್ಕರು.

"ಎರಿ ಮಣ್ಣಿಗೆ ಹೊಟ್ಟಿ ದೊಡ್ಡದು ತಂಗಿ. ನೀರು ಕುಡದಾಗ ಉಬ್ಬತೈತಿ, ಒಣಗಿದಾಗ ಸೊರಗತೈತಿ. ಬ್ಯಾಸಿಗ್ಯಾಗ ಹೊಲ ನೋಡೀಯಿಲ್ಲ?"

ನೋಡಿದ್ದೇನೆ. ಕೈ ಇಳಿಯುವಷ್ಟು ಬಿರುಕು. ಈ ಮಣ್ಣಿನ ಕಣಗಳು ತೆಳು ಹಾಳೆ ಹಾಳೆಯಾಗಿ ಇರುತ್ತವೆ. ಹಾಳೆಗಳ ನಡುವೆ ನೀರು ಹೊಕ್ಕರೆ ಉಬ್ಬುತ್ತವೆ, ನೀರು ಹೋದರೆ ಕುಗ್ಗುತ್ತವೆ. ಹತ್ತಿಗೆ ಒಳ್ಳೆಯದು, ಮಡಕೆಗೆ ಕಷ್ಟ.

ಅಜ್ಜ ಕೊಟ್ಟದ್ದು ಕೆರೆಯ ಮಣ್ಣು. ಅದರ ಗೆರೆ 9.3ಕ್ಕೆ ನಿಂತಿತು. ಅದಕ್ಕೆ ಐದರಲ್ಲಿ ಒಂದು ಪಾಲು ಬೋಕಿ ಪುಡಿ ಬೆರೆಸಿದಾಗ 9.5. ಬೋಕಿ ಅಂದರೆ ಒಡೆದ ಮಡಕೆಯ ಚೂರು. ಅದು ಒಮ್ಮೆ ಸುಟ್ಟದ್ದು, ಮತ್ತೆ ಕುಗ್ಗುವುದಿಲ್ಲ. ಒದ್ದೆ ಮಣ್ಣಿನ ನಡುವೆ ಎಲುಬಿನ ಹಾಗೆ ನಿಂತು ಬಿರುಕು ಓಡದಂತೆ ತಡೆಯುತ್ತದೆ, ಒಳಗಿನ ನೀರು ಹೊರಗೆ ಬರಲು ದಾರಿಯನ್ನೂ ಮಾಡಿಕೊಡುತ್ತದೆ. ಬೋಕಿಗಾಗಿ ಹುಡುಕಬೇಕಾಗಲಿಲ್ಲ. ಅವ್ವನ ಒಡೆದ ಬಟ್ಟಲನ್ನೇ ಒರಳಲ್ಲಿ ಕುಟ್ಟಿ ಚಹಾ ಸೋಸುವ ಜರಡಿಯಲ್ಲಿ ಹಿಡಿದೆ. ಆ ಜರಡಿ ಆಮೇಲೆ ಚಹಾಕ್ಕೆ ಬರಲಿಲ್ಲ. ಅದರ ಬಗ್ಗೆ ಮನೆಯಲ್ಲಿ ಇನ್ನೂ ಮಾತು ಬರುತ್ತಿರುತ್ತದೆ.

ಮೂಗಿನಲ್ಲಿ ಹೊಗೆ ಬಿಡುವ ಎತ್ತು

ಮೊದಲ ಯೋಚನೆ ಭಾರೀ ಇತ್ತು. ಒಳಗೆ ಟೊಳ್ಳಾದ ಎತ್ತು, ಬೆನ್ನ ಮೇಲೆ ಬಾಯಿ, ಅದರಲ್ಲಿ ಕೆಂಡ, ಹೊಗೆ ಮೂಗಿನ ಹೊಳ್ಳೆಗಳಿಂದ ಬರಬೇಕು. ಎರಡು ಭಾನುವಾರ ಕೂತು ಮಾಡಿದೆ. ಗಂಗೆದೊಗಲಿನ ಮಡಿಕೆಗಳು ಚೆನ್ನಾಗಿ ಬಂದಿದ್ದವು. ಈಗಲೂ ಅದರ ಫೋಟೋ ಫೋನಿನಲ್ಲಿದೆ.

ಅವ್ವ ಬಂದು ನೋಡಿದಳು. ಸುತ್ತಲೂ ನೋಡಿದಳು.

"ಇದು ಬಸವಣ್ಣ ಹೌದಲ್ಲೋ?"

"ಹೌದವ್ವಾ."

"ಬಸವಣ್ಣನ ಬೆನ್ನ ಮ್ಯಾಲೆ ಕೆಂಡ ಇಡ್ತೀಯೇನ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊಗೆ ಹೇಗೆ ಬರುತ್ತದೆ, ತೂಕ ಎಷ್ಟಾಗುತ್ತದೆ, ಎಲ್ಲ ಲೆಕ್ಕ ಹಾಕಿದ್ದೆ. ಇದೊಂದನ್ನು ಯೋಚಿಸಿರಲಿಲ್ಲ. ಇದನ್ನು ಶೋಕೇಸಿನಲ್ಲಿಟ್ಟರೆ ನಾಲ್ಕು ಜನ ಹೊಗಳಬಹುದು. ದೇವರ ಮುಂದೆ ಇದು ಬರುವುದಿಲ್ಲ.

ಹೊಗೆಯ ಲೆಕ್ಕವೂ ತಪ್ಪೇ ಇತ್ತು ಅನ್ನಿ. ಒಣಗಿದ ಮೇಲೆ ಒಳಗೊಂದು ಸಣ್ಣ ಕೆಂಡ ಇಟ್ಟು ನೋಡಿದೆ. ಬಿಸಿ ಹೊಗೆ ಮೇಲಕ್ಕೇ ಹೋಗುವುದು, ಬೆನ್ನಿನ ಬಾಯಿಂದ ಎದ್ದು ಹೋಯಿತು. ಬಾಯಿ ಮುಚ್ಚಿದರೆ ಮೂಗಿನಿಂದ ಎರಡು ಎಳೆ ಬಂತು, ಆದರೆ ಕೆಳಗಿನಿಂದ ಗಾಳಿ ಇಲ್ಲದೆ ಕೆಂಡ ಆರಿತು.

ಆದರೂ ಸುಡಲು ಕೊಟ್ಟೆ. ಆವಿಗೆ ಅಂದರೆ ಗಡಿಗೆ ಸುಡುವ ಜಾಗ. ಅಜ್ಜನ ಆವಿಗೆಯಲ್ಲಿ ಕೆಳಗೆ ಕುಳ್ಳು, ಮೇಲೆ ಗಡಿಗೆಗಳು, ನಡುನಡುವೆ ಕಟ್ಟಿಗೆ, ಮೇಲೆ ಹುಲ್ಲು, ಅದರ ಮೇಲೆ ಮಣ್ಣಿನ ರಾಡಿ. ಸಂಜೆ ಬೆಂಕಿ ಕೊಟ್ಟರೆ ರಾತ್ರಿಯೆಲ್ಲ ಉರಿಯುತ್ತದೆ. ಅರ್ಧ ಗಂಟೆಯೊಳಗೆ ಒಳಗೆ "ಢಬ್" ಅಂತ ಸದ್ದು. ಅಜ್ಜ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ.

ಕಾಲುಗಳನ್ನು ಗಟ್ಟಿಯಾಗಿರಲಿ ಅಂತ ಟೊಳ್ಳು ಮಾಡದೆ ಬಿಟ್ಟಿದ್ದೆ. ಹೆಬ್ಬೆರಳಿಗಿಂತ ದಪ್ಪ. ಹೊರಗೆ ಒಣಗಿದಂತೆ ಕಂಡರೂ ನಡುವೆ ಹಸಿ ಇತ್ತು. ಒಳಗೆ ಗಾಳಿ ಉಳಿದರೆ ಸಿಡಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಸಾಮಾನ್ಯವಾಗಿ ಸಿಡಿಸುವುದು ಗಾಳಿಗಿಂತ ನೀರು. 1 ಲೀಟರ್ ನೀರು ಕುದಿದು ಆವಿಯಾದರೆ ಸುಮಾರು 1,700 ಲೀಟರ್ ಜಾಗ ಬೇಡುತ್ತದೆ. ಒಂದು ಚಮಚ ನೀರಿಗೂ ಅದೇ ಲೆಕ್ಕ. ದಪ್ಪ ಮಣ್ಣಿನೊಳಗೆ ಆವಿಗೆ ದಾರಿ ಇಲ್ಲದಿದ್ದರೆ ಗೋಡೆ ಒಡೆದೇ ಹೊರಗೆ ಬರುತ್ತದೆ. ಅಂದಿನಿಂದ ಅಜ್ಜ ಕಲಿಸಿದ ಒಂದು ಪರೀಕ್ಷೆ ಬಿಟ್ಟಿಲ್ಲ: ಒಣಗಿದ ತುಂಡನ್ನು ಕೆನ್ನೆಗೆ ಒತ್ತಿ ಹಿಡಿಯುವುದು. ತಣ್ಣಗೆ ಅನ್ನಿಸಿದರೆ ಇನ್ನೂ ನೀರಿದೆ.

ಹಿಡಿಕೆಯ ತುದಿಗೆ ಕೂತದ್ದು

ಎರಡನೇ ಸಲ ಸರಳ ಮಾಡಿದೆ. ಬೆಂಕಿ ಬಟ್ಟಲಿನಲ್ಲಿರಲಿ, ಬಸವಣ್ಣ ಬೇರೆ ಕೂರಲಿ. ಪೂಜೆಯ ಗಂಟೆಯ ಹಿಡಿಕೆ ಮೇಲೆ ನಂದಿ ಕೂತಿರುತ್ತಾನಲ್ವಾ, ಹಾಗೆ ಹಿಡಿಕೆಯ ತುದಿಗೆ ಕೂರಿಸಿದೆ, ಮುಖ ಬಟ್ಟಲಿನ ಕಡೆ. ಕೆಳಗಿಟ್ಟ ಕೂಡಲೇ ಮಗುಚಿತು.

ಲೆಕ್ಕ ಸುಲಭ, ಮೊದಲೇ ಹಾಕಬೇಕಿತ್ತು. ತೂಕವನ್ನು ದೂರದಿಂದ ಗುಣಿಸಿದಾಗ ಯಾವ ಕಡೆ ಹೆಚ್ಚೋ ಆ ಕಡೆ ವಾಲುತ್ತದೆ. ಬಸವಣ್ಣ 300 ಗ್ರಾಂ, ಬಟ್ಟಲಿನ ಕಾಲಿನ ಅಂಚಿನಿಂದ 8 ಸೆಂಟಿಮೀಟರ್ ಆಚೆ. 8ನ್ನು 300ರಿಂದ ಗುಣಿಸಿದರೆ 2,400. ಬಟ್ಟಲು 400 ಗ್ರಾಂ, ಅದರ ನಡು ಆ ಅಂಚಿನಿಂದ ಈಚೆ 4 ಸೆಂಟಿಮೀಟರ್. 1,600. 100 ಗ್ರಾಂ ಕೆಂಡ, ಬೂದಿ ಹಾಕಿದರೂ 2,000. ಹಿಡಿಕೆಯ ತೂಕ ಇನ್ನೂ ಸೇರಿಸಿಲ್ಲ. ಬಸವಣ್ಣ ಗೆಲ್ಲುತ್ತಾನೆ, ಕೆಂಡ ಚಾಪೆ ಮೇಲೆ. ಸದ್ಯ, ಆಗ ಅದು ಹಸಿ ಮಣ್ಣಾಗಿತ್ತು, ಖಾಲಿ ಇತ್ತು.

ಇನ್ನೊಂದು ಎಡವಟ್ಟನ್ನು ಅವ್ವ ಕೈಯಲ್ಲಿ ಹಿಡಿದು ತೋರಿಸಿದಳು. ಬಟ್ಟಲಿಗೂ ಬಸವಣ್ಣನಿಗೂ ನಡುವೆ ಅವಳ ಮುಷ್ಟಿ ಬರುತ್ತಿತ್ತು. "ಅಂವ ದೇವರನ್ನ ನೋಡಬೇಕೋ, ನನ್ನ ಕೈ ನೋಡಬೇಕೋ?"

ಹಸಿ ಇದ್ದಾಗಲೇ ಮುದ್ದೆ ಮಾಡಿ ನೀರಿಗೆ ಹಾಕಿದೆ.

ಕೋಡು

ಮೂರನೇ ಸಲ ಬಸವಣ್ಣನನ್ನು ಹಿಡಿಕೆಯ ಬುಡಕ್ಕೆ, ಬಟ್ಟಲಿನ ಅಂಚಿಗೇ ತಂದು ಕೂರಿಸಿದೆ. ಕಾಲು ಮಡಚಿ ಮಲಗಿದ ಎತ್ತು, ಹೊಟ್ಟೆಯಿಂದ ಕೊರೆದು ಟೊಳ್ಳು ಮಾಡಿದ್ದು, 130 ಗ್ರಾಂ. ಬಟ್ಟಲಿನ ಕಾಲನ್ನು 10 ಸೆಂಟಿಮೀಟರ್ ಅಗಲ ಮಾಡಿದೆ. ಹಿಡಿಕೆಯನ್ನೂ ಟೊಳ್ಳು ಮಾಡಿದೆ. ಈಗ ಮಗುಚುವ ಮಾತೇ ಇಲ್ಲ. ಜೊತೆಗೆ ಕೇಳದೇ ಸಿಕ್ಕ ಲಾಭ ಒಂದು: ಕೆಂಡದ ಝಳ ಮೊದಲು ಬಸವಣ್ಣನಿಗೆ ತಾಗುತ್ತದೆ, ಹೆಬ್ಬೆರಳಿಗೆ ತಾಗುವುದಿಲ್ಲ.

ಹಸಿ ಆರಿ ಗಟ್ಟಿಯಾದ ಮೇಲೆ ಅವ್ವನ ಕೈಗೆ ಕೊಟ್ಟೆ. ಅವಳು ದೇವರ ಮನೆಯ ಮುಂದೆ ನಿಂತು ದಿನಾ ಹಿಡಿಯುವ ಹಾಗೆ ಹಿಡಿದಳು. ಹೆಬ್ಬೆರಳು ತಾನೇ ಹೋಗಿ ಬಸವಣ್ಣನ ಬೆನ್ನ ಮೇಲೆ, ಡುಬ್ಬದ ಹಿಂದೆ ಕೂತಿತು. ನಾನು ಅಲ್ಲಿ ಏನೂ ಕೊರೆದಿರಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು. ಆಮೇಲೆ, "ಕೋಡು ಇನ್ನೊಂದೀಟು ಅಗಲ ಮಾಡು" ಅಂದಳು.

ಶಿವನ ಗುಡಿಯಲ್ಲಿ ನಂದಿಯ ಹಿಂದೆ ಬಗ್ಗಿ, ಬೆನ್ನು ಮುಟ್ಟಿ, ಎರಡು ಕೋಡಿನ ನಡುವಿನಿಂದ ಲಿಂಗ ನೋಡುತ್ತೇವಲ್ಲ, ಅವ್ವ ಅದನ್ನೇ ಮಾಡುತ್ತಿದ್ದಳು. ಬಟ್ಟಲು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಾಗ ಕೋಡಿನ ನಡುವೆ ದೇವರ ಪಟ ಸರಿಯಾಗಿ ಕಾಣಬೇಕಿತ್ತು. ಕೋಡಿನ ತುದಿಗಳ ನಡುವೆ ನಾನು ಬಿಟ್ಟಿದ್ದು 2 ಸೆಂಟಿಮೀಟರ್. ಅವಳಿಗೆ ಬೇಕಾದದ್ದು ಮೂರೂವರೆ. ಎತ್ತನ್ನು ಚೆಂದ ಮಾಡುವುದು ಹೇಗೆ ಅಂತ ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಕೋಡಿನ ಅಳತೆ ಅವಳು ನಿಂತ ಜಾಗದಿಂದ ಬಂತು.

ಕೋಡು ಕಿತ್ತು ಹೊಸದು ಅಂಟಿಸಿದೆ. ಅಲ್ಲೇ ಕೆಟ್ಟಿತು. ಮೈ ಅರ್ಧ ಒಣಗಿತ್ತು, ಕೋಡು ಪೂರ್ತಿ ಹಸಿ. ಎರಡೂ ಕಡೆ ಗೀರು ಹಾಕಿ, ರಾಡಿ ಹಚ್ಚಿ, ಒತ್ತಿ ಕೂರಿಸಿದ್ದೆ. ಮೈ ಆಗಲೇ ಬಹುಪಾಲು ಕುಗ್ಗಿತ್ತು, ಕೋಡು ಆಮೇಲೆ ಕುಗ್ಗಿತು, ಬುಡದಲ್ಲಿ ಕೂದಲೆಳೆಯ ಬಿರುಕು. ಮಾಗಿಯ ಒಣ ಗಾಳಿ ಬೇರೆ. ಎರಡು ದಿನಕ್ಕೆ ಎಡಗೋಡು ಬೆರಳು ತಾಗಿದ್ದಕ್ಕೇ ಉದುರಿತು. ಅಂಗಡಿಯಲ್ಲಿ ಸಿಗುವ ಎರಡು ಬಣ್ಣದ ಅಂಟು ಕಲಸಿ ಹಚ್ಚಬಹುದಿತ್ತು. ಆದರೆ ಆ ಅಂಟು ಕೆಂಡದ ಬಿಸಿಗೆ ಮೆತ್ತಗಾಗುತ್ತದೆ, ಮೇಲಾಗಿ ಮುಕ್ಕಾದ ಬಸವಣ್ಣನನ್ನು ಅವ್ವ ಒಳಗೆ ಬಿಡುವುದಿಲ್ಲ. ಅದನ್ನೂ ಒರಳಿಗೆ ಹಾಕಿದೆ.

ನಾಲ್ಕನೆಯದು

ಈ ಸಲ ಬಟ್ಟಲು, ಹಿಡಿಕೆ, ಎತ್ತು ಮೂರನ್ನೂ ಒಂದೇ ದಿನ ಮಾಡಿದೆ. ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಒಂದು ರಾತ್ರಿ ಇಟ್ಟೆ, ಮೂರರ ಹಸಿಯೂ ಸಮ ಆಗಲಿ ಅಂತ. ಕೋಡನ್ನು ಅಂಟಿಸಲೇ ಇಲ್ಲ, ತಲೆಯ ಮಣ್ಣಿನಿಂದಲೇ ಎಳೆದು ತೀಡಿದೆ. ತೆಳುವಾದದ್ದು ಬೇಗ ಒಣಗುತ್ತದೆ, ಅದಕ್ಕೆ ಕೋಡಿಗೂ ಕಿವಿಗೂ ಒದ್ದೆ ಅರಿವೆ ಸುತ್ತಿದೆ. ಬಟ್ಟಲಿನ ಗೋಡೆಗೆ ಬೂದಿಯ ಮಟ್ಟಕ್ಕಿಂತ ಸ್ವಲ್ಪ ಮೇಲೆ ಎಂಟು ತೂತು, ಒಳಕ್ಕೆ ಇಳಿಜಾರಾಗಿ, ನಡೆಯುವಾಗ ಬೂದಿ ಹೊರಗೆ ಸುರಿಯದ ಹಾಗೆ. ಕಣ್ಣಿಗೆ ಜೋಳದ ಕಾಳು ಒತ್ತಿದೆ. ಬೆಂಕಿಯಲ್ಲಿ ಸುಟ್ಟು ಹೋಗುತ್ತದೆ ಅಂತ ಗೊತ್ತಿತ್ತು. ಹೋಯಿತು ಕೂಡ. ಕಾಳಿನ ಆಕಾರದ ಎರಡು ಕುಳಿ ಉಳಿದವು, ನಾನು ಕೊರೆದಿದ್ದರೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಮೇಲೆ ಕೆಮ್ಮಣ್ಣಿನ ನೀರು ಬಳಿದು ನಯವಾದ ಕಲ್ಲಿನಿಂದ ಉಜ್ಜಿದೆ.

ಹದಿನಾಲ್ಕು ದಿನ ನೆರಳು, ಎರಡು ದಿನ ಬಿಸಿಲು, ಕೆನ್ನೆಯ ಪರೀಕ್ಷೆ. ಸುಡುವ ದಿನ ಅಜ್ಜ ಅದನ್ನು ಮೊದಲು ಒಲೆಯ ಪಕ್ಕ ಎರಡು ಗಂಟೆ ಬೆಚ್ಚಗೆ ಇಟ್ಟು, ಆಮೇಲೆ ಆವಿಗೆಯ ನಡುವೆ ಇಟ್ಟರು. ಮರುದಿನ ನನಗೆ ಅವಸರ. ಅಜ್ಜ ಬೂದಿಗೆ ಕೈ ಹಾಕುವಷ್ಟು ಆರುವವರೆಗೆ ತೆಗೆಯಲು ಬಿಡಲಿಲ್ಲ. ಮಣ್ಣಿನಲ್ಲಿರುವ ಮರಳಿನ ಕಣ 573 ಡಿಗ್ರಿ ಸೆಲ್ಸಿಯಸ್ ಹತ್ತಿರ ಏರುವಾಗ ಒಮ್ಮೆಲೇ ಹಿಗ್ಗುತ್ತದೆ, ಇಳಿಯುವಾಗ ಒಮ್ಮೆಲೇ ಕುಗ್ಗುತ್ತದೆ. ಆ ಹೊತ್ತಿನಲ್ಲಿ ತಣ್ಣನೆ ಗಾಳಿ ಹೊಡೆದರೆ ಸೀಳುತ್ತದೆ. ಅಜ್ಜನಿಗೆ ಆ ಸಂಖ್ಯೆ ಬೇಕಿಲ್ಲ, ಅವರಿಗೆ ಬೂದಿಯ ಬಣ್ಣ ಸಾಕು.

ತೆಗೆದು ಬೆರಳಿನ ಗೆಣ್ಣಿನಿಂದ ತಟ್ಟಿದರು. ಠಣ್ ಅಂತು. ಬಿರುಕಿದ್ದರೆ ಬೊದ್ದ ಸದ್ದು ಬರುತ್ತದೆ. ಭಾಲ್ಕಿಯ ಕುಂಬಾರ ಗುಂಡಯ್ಯ ಗಡಿಗೆ ತಟ್ಟಿದ ಸದ್ದಿಗೆ ಶಿವ ಬಂದು ಕುಣಿದ ಕಥೆ ಇದೆಯಲ್ಲ, ಆ ಗಡಿಗೆಯಲ್ಲಿ ಬಿರುಕು ಇರಲಿಲ್ಲ ಅಂತ ಮಾತ್ರ ನಾನು ಖಾತ್ರಿಯಾಗಿ ಹೇಳಬಲ್ಲೆ. ತೂಕ 585 ಗ್ರಾಂ.

ಹನ್ನೊಂದು ದಿನ ಚೆನ್ನಾಗಿ ನಡೆಯಿತು. ಗ್ಯಾಸ್ ಒಲೆಯ ಮೇಲೆ ಕರಟ ಸುಟ್ಟು ಕೆಂಡ ಮಾಡಿ, ಎರಡು ಬೆರಳು ಬೂದಿಯ ಮೇಲೆ ಇಟ್ಟು, ಲೋಬಾನ ಉದುರಿಸುವುದು. ಕೆಂಡ ಸುತ್ತು ಮುಗಿಯುವವರೆಗೆ ಉಳಿಯಿತು, ಹಿಡಿಕೆ ಉಗುರುಬೆಚ್ಚಗೂ ಆಗಲಿಲ್ಲ. ಹನ್ನೆರಡನೆಯ ದಿನ ಸೋಮವಾರ. ಅವ್ವ ಪೂಜೆಯ ಸಾಮಾನಿನ ಜೊತೆ ಅದನ್ನೂ ತೊಳೆದು, ಒರೆಸಿ, ಸಂಜೆ ಕೆಂಡ ಹಾಕಿದಳು. ಪಡಸಾಲೆ ದಾಟುವಷ್ಟರಲ್ಲಿ ಟಿಕ್ ಅಂತ ಸದ್ದು. ತಳದಿಂದ ಅಂಚಿನವರೆಗೆ ಸೀಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ದೊಣ್ಣೆಯೂ ಬೇಕಾಗಲಿಲ್ಲ, ಒಂದು ತಂಬಿಗೆ ನೀರು ಸಾಕಾಯಿತು.

ಅವ್ವನ ಮೇಲೆ ರೇಗಿದೆ. ತಪ್ಪು ನನ್ನದೇ. ದೇವರ ಮುಂದೆ ಹೋಗುವುದನ್ನು ತೊಳೆಯದೇ ಇಡುತ್ತಾರಾ? ಅಜ್ಜ ಹೇಳಿದ್ದು ಇಷ್ಟೇ: "ಗಡಿಗ್ಯಾಗಿನ ನೀರು ತಣ್ಣಗ ಯಾಕ ಇರತೈತಿ? ಮಣ್ಣು ನೀರು ಕುಡೀತೈತಿ, ಅದಕ್ಕ. ಇದೂ ಅದರ ತಮ್ಮನ." ಕುಡಿದ ನೀರು, ಮೇಲೆ ಕೆಂಡ. ಮೊದಲ ಎತ್ತಿನ ಕಾಲಿನಲ್ಲಿ ಆದದ್ದೇ ಮತ್ತೆ ಆಯಿತು, ಸ್ವಲ್ಪ ಮೆತ್ತಗೆ. ಒಬ್ಬ ಗೆಳತಿ ಮೆರುಗು ಹಾಕು, ನೀರು ಇಳಿಯುವುದಿಲ್ಲ ಅಂದಳು. ಕುಳ್ಳಿನ ಆವಿಗೆಯಲ್ಲಿ ಮೆರುಗಿನ ಕೆಲಸ ಆಗುವುದಿಲ್ಲ. ಅದೂ ಅಲ್ಲದೆ ದಿನಾ ಕೆಂಡ ಕಂಡರೆ ಆ ಗಾಜಿನ ಪದರವೇ ಬಿರಿಯಬಹುದು.

ಒಳಗೊಂದು ಬಟ್ಟಲು

ಐದನೆಯದರಲ್ಲಿ ಹೊರಗಿನದೆಲ್ಲ ನಾಲ್ಕನೆಯದರ ಹಾಗೇ. ಬದಲಾದದ್ದು ಹೊಟ್ಟೆಯೊಳಗೆ. ಕೆಂಡಕ್ಕೆ ಬೇರೆಯೇ ಒಂದು ಸಣ್ಣ ಬಟ್ಟಲು. 8 ಸೆಂಟಿಮೀಟರ್ ಬಾಯಿ, ದೊಡ್ಡ ಹಣತೆಯ ಹಾಗೆ, ಯಾವ ಅಲಂಕಾರವೂ ಇಲ್ಲ. ಹೊರಗಿನ ಬಟ್ಟಲಿನ ತಳದಲ್ಲಿ ಮೂರು ಗುಂಡು ಕೂರಿಸಿದೆ, ಮಣ್ಣಿನ ಒಲೆಯ ಮೇಲೆ ಪಾತ್ರೆ ಕೂರಲು ಇರುತ್ತವಲ್ಲ, ಅಂಥವು. ಒಳಬಟ್ಟಲು ಅದರ ಮೇಲೆ ಕೂರುತ್ತದೆ, ಸುತ್ತ ಒಂದು ಬೆರಳು ಗಾಳಿ. ಗೋಡೆಯ ತೂತಿನಿಂದ ಬಂದ ಗಾಳಿ ಅದರ ಸುತ್ತಲೂ ಹರಿದು ಕೆಂಡಕ್ಕೆ ಸಿಗುತ್ತದೆ. ಒಡೆಯುವುದಿದ್ದರೆ ಒಳಗಿನದು ಒಡೆಯಲಿ, ಕಾಲು ಗಂಟೆಯಲ್ಲಿ ಇನ್ನೊಂದು ಆಗುತ್ತದೆ. ಬಸವಣ್ಣನನ್ನು ತೊಳೆಯಬಹುದು, ಅವನ ಮೈಗೆ ಈಗ ಕೆಂಡ ತಾಗುವುದಿಲ್ಲ. ಒಳಬಟ್ಟಲನ್ನು ಮಾತ್ರ ಒಣ ಬೂದಿಯಲ್ಲಿ ಉಜ್ಜಬೇಕು, ನೀರು ಬೇಡ. ಅವ್ವ ಇದಕ್ಕೆ ಒಪ್ಪಿದಳು, "ಬೂದಿ ಅಂದ್ರ ಮಡಿನ" ಅಂತ.

ಹೊರಗಿನದನ್ನು ತೆಳು ಮಾಡಿ ಒಟ್ಟು ತೂಕ 640 ಗ್ರಾಂಗೆ ನಿಲ್ಲಿಸಿದೆ. ಗೋಡೆ ಮೇಲೆ ಬರೆದದ್ದಕ್ಕಿಂತ 40 ಗ್ರಾಂ ಜಾಸ್ತಿ. ಅವ್ವನಿಗೆ ಹೇಳಿಲ್ಲ, ಅವಳೂ ಕೇಳಿಲ್ಲ.

ಒಂದು ಸಣ್ಣ ತಕರಾರು ಇನ್ನೂ ಇದೆ. ನಡೆಯುವಾಗ ಒಳಬಟ್ಟಲು ಗುಂಡುಗಳ ಮೇಲೆ ಕಟಕಟ ಅನ್ನುತ್ತದೆ. ಗುಂಡುಗಳ ಮೇಲೆ ಚಿಟಿಕೆ ಬೂದಿ ಹಾಕಿದರೆ ನಿಲ್ಲುತ್ತದೆ, ಮರೆತರೆ ಮನೆಯೆಲ್ಲ ಕೇಳಿಸುತ್ತದೆ. ಮುಂದಿನದರಲ್ಲಿ ಗುಂಡಿನ ತಲೆಯನ್ನು ಒಳಬಟ್ಟಲಿನ ತಳಕ್ಕೆ ಹೊಂದುವಂತೆ ಹಸಿ ಇದ್ದಾಗಲೇ ಒತ್ತಿ ನೋಡಬೇಕು.

ಇವತ್ತಿಗೆ ಐವತ್ತಮೂರು ದಿನ. ಒಳಬಟ್ಟಲು ಎರಡು ಹೋದವು, ಮೂರನೆಯದು ನಡೆಯುತ್ತಿದೆ. ಬಸವಣ್ಣನ ಮುಖ ಹೊಗೆಗೆ ಕಪ್ಪಾಗಿದೆ, ಬೆನ್ನು ಮಾತ್ರ ಅವ್ವನ ಹೆಬ್ಬೆರಳು ತಾಗಿ ತಾಗಿ ಕೆಂಪಗೆ ಹೊಳೆಯುತ್ತಿದೆ. ಗದಗಿನ ಚಿಕ್ಕವ್ವ ಬಂದವಳು ತನಗೂ ಒಂದು ಬೇಕು ಅಂದಿದ್ದಾಳೆ. ಅವಳು ಅವ್ವನಿಗಿಂತ ಗೇಣುದ್ದ ಗಿಡ್ಡ, ಅವಳ ದೇವರ ಜಗಲಿ ಎತ್ತರ. ಮುಂದಿನ ವಾರ ಟೇಪು ಹಿಡಿದು ಗದಗಿಗೆ ಹೋಗಬೇಕು, ಕೋಡಿನ ಅಳತೆ ತೆಗೆದುಕೊಳ್ಳಲು.